ಆ ಶಾಲೆಗಳನ್ನು ಕಟ್ಟಿದವರು ಯಾರು?

ನಮ್ಮ ಹಳ್ಳಿಗಳ ಶಾಲೆಗೆ ಹೋಗಿ ಬಾಗಿಲ ಪಕ್ಕದ ಗೋಡೆ ನೋಡಿ. ಅಲ್ಲೊಂದು ಕಲ್ಲು ಇರುತ್ತದೆ. ಅದರ ಮೇಲೆ ದಾನಿಗಳ ಹೆಸರು, ಉದ್ಘಾಟನೆ ಮಾಡಿದವರ ಹೆಸರು; ಇತ್ತೀಚೆಗಾದರೆ ಯಾವುದೋ ಪ್ರತಿಷ್ಠಾನದ ಹೆಸರು. ಆ ಗೋಡೆಗೆ ಕಲ್ಲು ಹೊತ್ತವರ, ಗಾರೆ ಕಲೆಸಿದವರ ಹೆಸರು ಎಲ್ಲೂ ಇಲ್ಲ. ನಮ್ಮ ಅವ್ವಂದಿರಿಗೆ ಆ ಕಲ್ಲು ಓದೋಕೆ ಬರಲಿಲ್ಲ. ಓದಲು ಕಲಿತ ಮೊದಲ ತಲೆಮಾರಿನವರು ನಾವು. ಓದಿದ ಮೇಲೆ ಒಂದು ಪ್ರಶ್ನೆ ಕೇಳದೆ ಇರಲಾಗುವುದಿಲ್ಲ: ಇದರ ಲೆಕ್ಕ ಎಲ್ಲಿದೆ?

ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡು ನಾವು ಅಮೆರಿಕದ ದಕ್ಷಿಣ ರಾಜ್ಯಗಳ ಕಡೆ ನೋಡಬೇಕಾಗಿದೆ. ಅಲ್ಲಿನ ಕಪ್ಪು ಜನ ನಮಗೆ ಪರಕೀಯರಲ್ಲ. 1946ರಲ್ಲಿ ಬಾಬಾಸಾಹೇಬರು ಕಪ್ಪು ಜನರ ಚಿಂತಕ ಡುಬಾಯ್ಸ್ ಅವರಿಗೆ ಕಾಗದ ಬರೆದಿದ್ದರು. 1972ರಲ್ಲಿ ಮುಂಬಯಿಯ ನಮ್ಮ ತರುಣರು ಬ್ಲ್ಯಾಕ್ ಪ್ಯಾಂಥರ್‌ಗಳಿಂದಲೇ ತಮ್ಮ ಸಂಘಟನೆಗೆ ಹೆಸರು ತಂದುಕೊಂಡರು. ಅವರ ಹೋರಾಟವನ್ನು ಓದಿಕೊಂಡ ನಾವು ಅವರ ಶಾಲೆಗಳ ಲೆಕ್ಕಪುಸ್ತಕವನ್ನೂ ಬಿಚ್ಚಿ ನೋಡೋಣ.

1865ರಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಸತ್ತಿತು. ಆದರೆ 1896ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 'ಬೇರೆ ಬೇರೆ, ಆದರೆ ಸಮಾನ' ಎನ್ನುವ ತೀರ್ಪು ಕೊಟ್ಟಿತು. ಬೇರೆ ಮಾಡಿದ್ದು ನಿಜ, ಸಮಾನ ಮಾಡಿದ್ದು ಸುಳ್ಳು. ಕಪ್ಪು ಜನ ಕಟ್ಟಿದ ತೆರಿಗೆ ಬಿಳಿಯರ ಮಕ್ಕಳ ಶಾಲೆಗೆ ಹರಿಯಿತು. ಕಪ್ಪು ಮಕ್ಕಳು ಚರ್ಚಿನ ಮೂಲೆಯಲ್ಲಿ, ಸೋರುವ ಗುಡಿಸಲಲ್ಲಿ ಕೂತು ಅಕ್ಷರ ಕಲಿತರು. ಹತ್ತಿ ಬಿಡಿಸುವ ಕಾಲ ಬಂದರೆ ಶಾಲೆಯೇ ಮುಚ್ಚುತ್ತಿತ್ತು. ಜೀತದ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಹೊತ್ತಿನಲ್ಲಿ ಬಂದವನು ಜೂಲಿಯಸ್ ರೋಸೆನ್‌ವಾಲ್ಡ್. ಜರ್ಮನಿಯಿಂದ ವಲಸೆ ಬಂದ ಯಹೂದಿ ಕುಟುಂಬದವನು. ಚಿಕಾಗೋದ ಸಿಯರ್ಸ್ ಕಂಪನಿಯ ಒಡೆಯರಲ್ಲಿ ಒಬ್ಬ. ಟಪಾಲಿನ ಮೂಲಕ ಹಳ್ಳಿಗಾಡಿಗೆ ಸಾಮಾನು ಮಾರಿ ಬೆಳೆದ ಕಂಪನಿ ಅದು. ಬಿಳಿಯ ಅಂಗಡಿಯವನ ಮುಂದೆ ಅವಮಾನ ತಿನ್ನುವ ಬದಲು ಕಪ್ಪು ರೈತರೂ ಆ ಟಪಾಲು ವ್ಯಾಪಾರಕ್ಕೆ ಮೊರೆ ಹೋಗಿದ್ದರು. 1912ರಲ್ಲಿ, ತನಗೆ ಐವತ್ತು ತುಂಬಿದಾಗ, ರೋಸೆನ್‌ವಾಲ್ಡ್ ಕಪ್ಪು ನಾಯಕ ಬೂಕರ್ ಟಿ. ವಾಷಿಂಗ್ಟನ್ನರ ಟಸ್ಕೆಗೀ ಸಂಸ್ಥೆಗೆ 25,000 ಡಾಲರ್ ಕೊಟ್ಟ. ಅದರಲ್ಲಿ ಉಳಿದ 2,800 ಡಾಲರನ್ನು ಅಲಬಾಮಾದ ಹಳ್ಳಿಗಳಲ್ಲಿ ಆರು ಶಾಲೆ ಕಟ್ಟಲು ಬಳಸೋಣ ಅಂದವರು ವಾಷಿಂಗ್ಟನ್. 1913ರಲ್ಲಿ ಮೊದಲ ಶಾಲೆ ಎದ್ದಿತು. 1917ರಲ್ಲಿ ರೋಸೆನ್‌ವಾಲ್ಡ್ ನಿಧಿ ಎಂಬ ಪ್ರತಿಷ್ಠಾನವೇ ಸ್ಥಾಪನೆಯಾಯಿತು.

ಆದರೆ ದುಡ್ಡು ಬರಿಗೈಯಲ್ಲಿ ಬರುವುದಿಲ್ಲ, ಷರತ್ತು ಹಿಡಿದುಕೊಂಡೇ ಬರುತ್ತದೆ. ಅದೇ 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ ನ್ಯೂಯಾರ್ಕಿಗೆ ಓದಲು ಹೋದ ಅಂಬೇಡ್ಕರರೂ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡುವ ಕರಾರಿಗೆ ಸಹಿ ಹಾಕಿಯೇ ಹಡಗು ಹತ್ತಿದ್ದು. ರೋಸೆನ್‌ವಾಲ್ಡನ ಷರತ್ತುಗಳು ಇವು: ಊರಿನ ಕಪ್ಪು ಜನ ತಮ್ಮ ಪಾಲು ಹಾಕಬೇಕು, ಹಣವಾಗಿ ಇಲ್ಲವೇ ಭೂಮಿ, ಮರ, ಮೈದುಡಿಮೆಯಾಗಿ. ಸರ್ಕಾರಿ ಶಾಲಾ ಮಂಡಳಿಯೂ ಪಾಲು ಹಾಕಬೇಕು. ಜಾಗ ಮತ್ತು ಕಟ್ಟಡದ ಪತ್ರ ಆ ಮಂಡಳಿಯ ಹೆಸರಿಗೆ ಆಗಬೇಕು. ಮಂಡಳಿಯಲ್ಲಿ ಕೂತಿದ್ದವರು ಬಿಳಿಯರು.

ಜನ ತಮ್ಮ ಪಾಲು ಹೇಗೆ ಹಾಕಿದರು? ಹೊಲದ ಒಂದು ತುಂಡನ್ನು ಶಾಲೆಗೆಂದೇ ಬಿಟ್ಟು ಹತ್ತಿ ಬೆಳೆದರು. ಹೆಂಗಸರು ಕೋಳಿ, ಮೊಟ್ಟೆ ಮಾರಿದರು, ಊಟ ಮಾಡಿ ಮಾರಿದರು. ಗಂಡಸರು ಕಾಡಿಗೆ ಹೋಗಿ ಮರ ಕಡಿದು ತಂದರು. 1916-17ರ ಚಳಿಗಾಲದಲ್ಲಿ ಅಲಬಾಮಾದ ಬೊಲಿಜೀ ಎಂಬ ಹಳ್ಳಿಯಲ್ಲಿ ಚಂದಾ ಎತ್ತುವ ಸಭೆ ನಡೆಯಿತು. ಹತ್ತಿಗೆ ಹುಳ ಬಿದ್ದು ಬೆಳೆ ಹಾಳಾಗಿದ್ದ ಕಾಲ. ಗುಲಾಮಗಿರಿ ಕಂಡಿದ್ದ ಮುದುಕನೊಬ್ಬ ಎದ್ದು ಬಂದು, ಜಿಡ್ಡು ಹಿಡಿದ ಚೀಲ ತೆಗೆದು ಮೇಜಿನ ಮೇಲೆ ಸುರಿದ. ಎಣಿಸಿದರೆ 38 ಡಾಲರ್. ಬದುಕಿಡೀ ಕೂಡಿಟ್ಟದ್ದು ಅಷ್ಟೇ. ಮೊಮ್ಮಕ್ಕಳ ಮಕ್ಕಳಿಗಾದರೂ ದಾರಿಯಾಗಲಿ ಅಂತ ಇದ್ದದ್ದನ್ನೆಲ್ಲ ಕೊಟ್ಟ. ಅವನ ಹೆಸರು ಕಲ್ಲಿನ ಮೇಲೆ ಬರಲಿಲ್ಲ.

ಈಗ ಲೆಕ್ಕ ನೋಡಿ. 1932ರವರೆಗೆ ಹದಿನೈದು ರಾಜ್ಯಗಳಲ್ಲಿ 4,977 ಶಾಲೆಗಳು ಎದ್ದವು. ಶಿಕ್ಷಕರ ಮನೆ, ಕಸುಬು ಕಲಿಸುವ ಕಟ್ಟಡ ಎಲ್ಲಾ ಸೇರಿ 5,357. ಒಟ್ಟು ಖರ್ಚು ಸುಮಾರು 2 ಕೋಟಿ 84 ಲಕ್ಷ ಡಾಲರ್. ಅದರಲ್ಲಿ ರೋಸೆನ್‌ವಾಲ್ಡ್ ನಿಧಿಯ ಪಾಲು ಸುಮಾರು ಶೇಕಡಾ 15. ಬಡ ಕಪ್ಪು ಜನ ಕೈಯಿಂದ ಹಾಕಿದ್ದು ಸುಮಾರು ಶೇಕಡಾ 17. ಸ್ಥಳೀಯ ಬಿಳಿಯರ ಕೊಡುಗೆ ಶೇಕಡಾ 4. ಉಳಿದ 64 ತೆರಿಗೆ ಹಣ. ಆ ತೆರಿಗೆಯಲ್ಲಿಯೂ ಕಪ್ಪು ಜನರ ಬೆವರಿತ್ತು. ಅಂದರೆ ಒಂದೇ ಶಾಲೆಗೆ ಅವರು ಎರಡು ಸಲ ತೆರಿಗೆ ಕಟ್ಟಿದರು. 'ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ' ಅಂತ ನಮ್ಮಲ್ಲಿ ಗಾದೆ ಇದೆ. ಇಲ್ಲಿ ಎಲ್ಲರೂ ಕೊಟ್ಟರು. ಆದರೆ ಇತಿಹಾಸ ಒಬ್ಬನನ್ನು ಮಾತ್ರ ಈರಭದ್ರ ಮಾಡಿತು.

ಹಾಗಂತ ರೋಸೆನ್‌ವಾಲ್ಡನನ್ನು ಮೋಸಗಾರ ಅಂತ ಕರೆದು ಕೈತೊಳೆದುಕೊಂಡರೆ ನಾವೂ ಸುಳ್ಳು ಹೇಳಿದಂತೆ. ಅವನ ಡಾಲರು ಹಾರೆಯ ಹಾಗೆ ಕೆಲಸ ಮಾಡಿತು. ಕಪ್ಪು ಮಕ್ಕಳಿಗೆ ಕಾಸು ಬಿಚ್ಚದ ಮಂಡಳಿಗಳ ಪೆಟ್ಟಿಗೆಯನ್ನು ಮೀಟಿ ತೆರೆಯಿತು. ಆ ಶಾಲೆಗಳಿಂದ ಬಿಳಿ ಮತ್ತು ಕಪ್ಪು ಮಕ್ಕಳ ಓದಿನ ನಡುವಿನ ಅಂತರ ಕಡಿಮೆಯಾಯಿತೆಂದು ಅರ್ಥಶಾಸ್ತ್ರಜ್ಞರಾದ ಆರನ್‌ಸನ್ ಮತ್ತು ಮಜುಂದರ್ 2011ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಕವಿ ಮಾಯಾ ಏಂಜೆಲೋ, ಹೋರಾಟಗಾರ ಜಾನ್ ಲೂಯಿಸ್ ಅಂಥ ಶಾಲೆಯಲ್ಲಿ ಕೂತು ಓದಿದವರು. ಆದರೆ ಆ ನಿಧಿ ಕಟ್ಟಿಸಿದ್ದು ಬೇರೆ ಶಾಲೆಯನ್ನೇ. ಬೇರೆ ಮಾಡುವ ವ್ಯವಸ್ಥೆಯ ಬುಡಕ್ಕೆ ಆ ಹಾರೆ ಹಾಕಲಿಲ್ಲ. ಕೇರಿಗೊಂದು ಬಾವಿ ತೋಡಿಸಿಕೊಟ್ಟು ಊರ ಬಾವಿಯ ಮಾತೆತ್ತದ ಧರ್ಮಿಷ್ಠರನ್ನು ನಾವು ಕಂಡಿಲ್ಲವೇ?

ಇದು ದಾನದ ಮಾತಾಯಿತು. ಬಂಡವಾಳಕ್ಕೆ ಇನ್ನೊಂದು ದಾರಿಯೂ ಗೊತ್ತಿದೆ: ಒಳ್ಳೆಯ ಕೆಲಸಕ್ಕೆ ಹಣ ಹಾಕು, ಅಸಲು ವಾಪಸು ತಗೋ, ಸ್ವಲ್ಪ ಬಡ್ಡಿಯನ್ನೂ ತಗೋ. 1929ರಲ್ಲಿ ರೋಸೆನ್‌ವಾಲ್ಡ್ ಚಿಕಾಗೋದಲ್ಲಿ ಕಪ್ಪು ಜನರಿಗಾಗಿ 421 ಮನೆಗಳ ವಸತಿ ಸಮುಚ್ಚಯ ಕಟ್ಟಿಸಿದ. ಅದು ದಾನವಲ್ಲ, ಶೇಕಡಾ 6 ಲಾಭ ಬರಲಿ ಅಂತ ಎಣಿಸಿದ್ದ. ಅಷ್ಟು ಬರಲಿಲ್ಲ. ಹಿಂದೆಯೇ ಬೇರೆ ಬಂಡವಾಳಗಾರರು ಬರುತ್ತಾರೆಂಬ ಆಸೆಯೂ ಕೈಗೂಡಲಿಲ್ಲ. 1968ರಲ್ಲಿ ಫೋರ್ಡ್ ಪ್ರತಿಷ್ಠಾನ ಇದೇ ದಾರಿಯಲ್ಲಿ ಸಾಲ, ಷೇರು, ಸಾಲಕ್ಕೆ ಜಾಮೀನು ಕೊಡಲು ಹೊರಟಿತು. 1969ರ ತೆರಿಗೆ ಕಾನೂನು ಅದಕ್ಕೆ ಮುದ್ರೆ ಒತ್ತಿತು. ಮರಳಿ ಬಂದ ಹಣವನ್ನು ಇನ್ನೊಂದು ಊರಿಗೆ ಹಾಕಬಹುದು, ಅದು ಇದರ ಗುಣ. ಸಾಲ ತೀರಿಸಲಾಗದವನ ಊರಿಗೆ ಆ ಹಣ ಹೋಗುವುದೇ ಇಲ್ಲ, ಅದು ಇದರ ದೋಷ.

ಕೊನೆಗೆ ಏನಾಯಿತು? ರೋಸೆನ್‌ವಾಲ್ಡ್ ನಿಧಿಯ ಗಂಟು ಇದ್ದದ್ದು ಹೆಚ್ಚಾಗಿ ಸಿಯರ್ಸ್ ಷೇರುಗಳಲ್ಲಿ. 1929ರ ನಂತರ ಷೇರುಪೇಟೆ ಕುಸಿಯಿತು, ಗಂಟು ಕರಗಿತು. 1932ರಲ್ಲಿ ಶಾಲೆ ಕಟ್ಟುವ ಕೆಲಸ ನಿಂತಿತು. ಅಲಬಾಮಾದ ಮಗುವಿನ ಹಲಗೆ ಬಳಪ ನ್ಯೂಯಾರ್ಕಿನ ಷೇರು ಬೆಲೆಗೆ ಕಟ್ಟಿಹಾಕಲ್ಪಟ್ಟಿತ್ತು. 1948ರಲ್ಲಿ ನಿಧಿಯೇ ಮುಚ್ಚಿತು. 1954ರಲ್ಲಿ ಬೇರ್ಪಡಿಕೆ ಕಾನೂನುಬಾಹಿರ ಎಂದು ತೀರ್ಪು ಬಂದ ಮೇಲೆ ಈ ಶಾಲೆಗಳು ಒಂದೊಂದಾಗಿ ಮುಚ್ಚಿದವು. ಸಾವಿರಾರು ಕಪ್ಪು ಶಿಕ್ಷಕರು ಕೆಲಸ ಕಳೆದುಕೊಂಡರು. ಕಟ್ಟಡದ ಪತ್ರ ಮಂಡಳಿಯ ಹೆಸರಲ್ಲಿತ್ತಲ್ಲ? ಅಜ್ಜಂದಿರು ಮರ ಹೊತ್ತು ಕಟ್ಟಿದ ಶಾಲೆಯನ್ನು ಏನು ಮಾಡಬೇಕೆಂದು ತೀರ್ಮಾನಿಸಿದ್ದು ಅದೇ ಮಂಡಳಿ. ಎಷ್ಟೋ ಶಾಲೆಗಳು ಪಾಳು ಬಿದ್ದವು. 2002ರಲ್ಲಿ ಅವು ಅಮೆರಿಕದ ಅಳಿವಿನಂಚಿನ ಸ್ಮಾರಕಗಳ ಪಟ್ಟಿ ಸೇರಿದವು.

ಗೆಳೆಯರೇ, ಇದು ಹಳೆಯ ಕಥೆಯಲ್ಲ. ನಮ್ಮಲ್ಲಿ 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳು ಲಾಭದ ಶೇಕಡಾ 2ನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂದು ಹೇಳಿದೆ. ಪ್ರತಿಷ್ಠಾನಗಳು ನಮ್ಮ ಶಾಲೆಗೂ ಕೇರಿಗೂ ಬರುತ್ತಿವೆ. ಬರಲಿ. ಬೇಡ ಅನ್ನುವಷ್ಟು ನಾವು ಸ್ಥಿತಿವಂತರಲ್ಲ. ಆದರೆ ಕೈಮುಗಿದು ನಿಲ್ಲುವ ಬದಲು ಮೂರು ಮಾತು ಕೇಳೋಣ. ಇದರಲ್ಲಿ ನಮ್ಮ ಪಾಲು ಎಷ್ಟು? ಪತ್ರ ಯಾರ ಹೆಸರಲ್ಲಿದೆ? ನೀವು ಎದ್ದು ಹೋದ ಮೇಲೆ ಸರ್ಕಾರ ಇದನ್ನು ನಡೆಸುತ್ತದೋ ಇಲ್ಲವೋ?

ಹಳ್ಳಿಯ ಮೇಷ್ಟರುಗಳಿಗೆ ಒಂದು ಮಾತು. ನಿಮ್ಮ ಶಾಲೆಗೆ ಯಾರು ಕಲ್ಲು ಹೊತ್ತರು, ಯಾರು ಜಾಗ ಬಿಟ್ಟರು, ಯಾವ ಅವ್ವ ಕೋಳಿ ಮಾರಿ ಚಂದಾ ಕೊಟ್ಟಳು ಅಂತ ಬದುಕಿರುವ ಹಿರಿಯರನ್ನು ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆ ಹೆಸರುಗಳನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಿ.