ಮಗ್ಗದ ಮೇಲಿನ ಕತ್ತರಿ

ನೇಯ್ಗೆಯನ್ನು ಕುರಿತು ಮಾತನಾಡುವವರೆಲ್ಲ ಕೂಡಿಸುವ ಕೆಲಸವನ್ನೇ ಹೊಗಳುತ್ತ ಬಂದಿದ್ದಾರೆ. ಉದ್ದದ ಎಳೆ ಹಾಸು, ಅಡ್ಡದ ಎಳೆ ಹೊಕ್ಕು. ಇವೆರಡೂ ಸೇರಿ ಬಟ್ಟೆಯಾಗುವುದನ್ನು ಕಂಡೇ ನಮ್ಮ ಭಾಷೆ ‘ಹಾಸುಹೊಕ್ಕು’ ಎಂಬ ಸೊಗಸಾದ ಮಾತನ್ನು ಕಟ್ಟಿಕೊಂಡಿತು. ಕತ್ತರಿಗೆ ಆ ಭಾಗ್ಯವಿಲ್ಲ. ‘ಕತ್ತರಿ ಹಾಕಿದರು’ ಎಂದರೆ ಕಡಿತ, ನಷ್ಟ, ಅನ್ಯಾಯ. ಆದರೂ ಕತ್ತರಿಸದೆ ಯಾವ ಬಟ್ಟೆಯೂ ಮಗ್ಗದಿಂದ ಇಳಿಯದು. ಶ್ರೋತೃಗಳೆ, ಈ ಹೊತ್ತು ನಾನು ಹೇಳಹೊರಟಿರುವುದು ಆ ಕತ್ತರಿಯ ಚರಿತ್ರೆಯನ್ನು. ನೇಕಾರನ ಕೈಯಲ್ಲಿದ್ದ ಕತ್ತರಿ ಯಂತ್ರದ ಅಂಗವಾದ ಬಗೆಯನ್ನು, ಮತ್ತು ನಮ್ಮ ಸೀಮೆಯ ಮನೆಮಗ್ಗಗಳ ಬಾಗಿಲಲ್ಲಿ ಅದು ಬಹುಕಾಲ ಹೊರಗೆ ನಿಂತ ಕಾರಣವನ್ನು. ನಾನು ಯಂತ್ರಶಾಸ್ತ್ರ ಓದಿದವನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೆ ಶಬ್ದಗಳ ಜಾಡನ್ನು ಹಿಡಿದು ನಡೆದವನಿಗೆ ವಸ್ತುಗಳ ಚರಿತ್ರೆ ದಾರಿಯಲ್ಲಿ ಎದುರಾಗದೆ ಇರದು.

ಮೊದಲು, ಮಗ್ಗದಲ್ಲಿ ಎಳೆಯನ್ನು ಕತ್ತರಿಸುವ ಸಂದರ್ಭಗಳು ಯಾವುವೆಂಬುದನ್ನು ನೋಡೋಣ. ಮುಖ್ಯವಾದವು ಮೂರು. ಲಾಳಿಯೊಳಗಿನ ಕಂಡಿಕೆಯ ನೂಲು ಮುಗಿದಾಗ ಹಳೆಯ ಎಳೆಯ ತುದಿಯೂ ಹೊಸ ಎಳೆಯ ತುದಿಯೂ ಬಟ್ಟೆಯ ಅಂಚಿನಲ್ಲಿ ಬಾಲದಂತೆ ಜೋತುಬೀಳುತ್ತವೆ, ಅವನ್ನು ತೆಗೆಯಬೇಕು. ಇದು ಮೊದಲನೆಯದು. ಸೀರೆಯ ಒಡಲಲ್ಲಿ ಬುಟ್ಟಾ ಮೂಡಿಸಲು ಜರಿಯ ಎಳೆಯನ್ನು ಬಟ್ಟೆಯ ಅಗಲಕ್ಕೂ ಓಡಿಸಿದಾಗ, ಒಂದು ಬುಟ್ಟಾದಿಂದ ಇನ್ನೊಂದರವರೆಗೆ ಅದು ಹಿಂಬದಿಯಲ್ಲಿ ಹಿಡಿತವಿಲ್ಲದೆ ತೇಲುತ್ತದೆ; ಅದನ್ನು ಕತ್ತರಿಸಬೇಕು. ಇದು ಎರಡನೆಯದು. ನೇಯ್ದು ಮುಗಿದ ಸೀರೆಯನ್ನೊ ಪಂಚೆಯನ್ನೊ ಹಾಸಿನಿಂದ ಬೇರ್ಪಡಿಸುವುದು ಮೂರನೆಯದು. ಮೂರನೆಯದು ಎಲ್ಲರ ಕಣ್ಣಿಗೂ ಬೀಳುತ್ತದೆ. ಮೊದಲಿನ ಎರಡು ಯಾರ ಕಣ್ಣಿಗೂ ಬೀಳುವುದಿಲ್ಲ, ಸರಿಯಾಗಿ ಆಗದಿದ್ದಾಗ ಮಾತ್ರ ಕೊಳ್ಳುವವನ ಕಣ್ಣಿಗೆ ಬೀಳುತ್ತವೆ.

ಕತ್ತರಿಯ ಕಥೆಗೆ ಮುನ್ನ ಅದು ನಡೆಯುವ ನೆಲದ ಪರಿಚಯವಾಗಬೇಕು. ಮಂಡ್ಯ ಜಿಲ್ಲೆ ಎಂದೊಡನೆ ಇಂದು ನಮಗೆ ತೋರುವುದು ಕಬ್ಬು. 1932ರಲ್ಲಿ ಪೂರ್ಣಗೊಂಡ ಕೃಷ್ಣರಾಜಸಾಗರ, 1933ರಲ್ಲಿ ಹುಟ್ಟಿದ ಮೈಸೂರು ಸಕ್ಕರೆ ಕಂಪನಿ, 1939ರಲ್ಲಿ ರೂಪುಗೊಂಡ ಜಿಲ್ಲೆ, ಇವುಗಳಿಂದ ಆ ಚಿತ್ರ ಗಟ್ಟಿಯಾಯಿತು. ಅದರ ಹಿಂದೆ ಮಗ್ಗದ ಸದ್ದು ಅಡಗಿಹೋಯಿತು. ಶ್ರೀರಂಗಪಟ್ಟಣ ರಾಜಧಾನಿಯಾಗಿದ್ದಾಗ ಟಿಪ್ಪು ಸುಲ್ತಾನನು ಶಿರಾದಿಂದ ಕುಟುಂಬಗಳನ್ನು ಕರೆತಂದು ದ್ವೀಪದ ಗಂಜಾಮಿನಲ್ಲಿ ನೆಲೆಗೊಳಿಸಿದ. ಯೂರೋಪಿನ ಕುಶಲಕರ್ಮಿಗಳ ಮೇಲೆ ಅವನಿಗಿದ್ದ ಆಸೆ ಪ್ರಸಿದ್ಧವಾದದ್ದು. 1788ರಲ್ಲಿ ಫ್ರಾನ್ಸಿನ ದೊರೆಯನ್ನು ಕಂಡ ಅವನ ರಾಯಭಾರಿಗಳು ಕೇಳಿದವುಗಳಲ್ಲಿ ಕುಶಲಕರ್ಮಿಗಳೂ ಸೇರಿದ್ದರು. ಹಿರೋಡೆಯ ಬಳಿ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದರಿಂದ ‘ಫ್ರೆಂಚ್ ರಾಕ್ಸ್’ ಎಂದು ಕರೆಸಿಕೊಂಡ ಊರೇ ಇಂದಿನ ಪಾಂಡವಪುರ. 1799ರಲ್ಲಿ ಪಟ್ಟಣ ಬಿದ್ದು ರಾಜಧಾನಿ ಮೈಸೂರಿಗೆ ಹೋದಾಗ, ಬಟ್ಟೆ ಕೊಳ್ಳುತ್ತಿದ್ದ ಆಸ್ಥಾನವೂ ಸೈನ್ಯವೂ ಒಟ್ಟಿಗೆ ಕರಗಿಹೋದವು.

ಆದರೂ ಹಳ್ಳಿಯ ಮಗ್ಗ ನಿಲ್ಲಲಿಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ನಾಮದ ಮಣ್ಣಿಗೆ ಹೆಸರಾದಂತೆಯೇ ಒಳ್ಳೆಯ ಹತ್ತಿಬಟ್ಟೆಗೂ ಹೆಸರಾಗಿತ್ತು. ಅಲ್ಲಿ ಸುರೇಂದ್ರ ಕೌಲಗಿಯವರು 1960ರಲ್ಲಿ ಕಟ್ಟಿದ ಜನಪದ ಸೇವಾ ಟ್ರಸ್ಟ್ ಖಾದಿ ಮತ್ತು ಕೈಮಗ್ಗದ ಕೆಲಸವನ್ನು ಕೈಗೆತ್ತಿಕೊಂಡಿತು. ಶ್ರೀರಂಗಪಟ್ಟಣ ತಾಲ್ಲೂಕಿನ ಕೊಡಿಯಾಲ, ಹೊಯ್ಸಳರ ಲಕ್ಷ್ಮೀನಾರಾಯಣ ದೇಗುಲವಿರುವ ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲು, ಇವು ನೇಕಾರರ ಊರುಗಳು. ನಾಗಮಂಗಲಕ್ಕೆ ಹೆಸರು ಬಂದದ್ದು ಮಗ್ಗಕ್ಕಿಂತ ಹೆಚ್ಚಾಗಿ ಹಿತ್ತಾಳೆ ಕಂಚುಗಳ ಕೆಲಸದಿಂದ. ನೇಯ್ಗೆಯ ಮಾತಿನಲ್ಲಿ ಲೋಹಗಾರರ ಊರೇಕೆ ಬಂತೆಂದು ಕೇಳಬಹುದು. ಮರದ ಮಗ್ಗಕ್ಕೆ ಕತ್ತರಿಯ ಅಲಗು ಬಂದು ಸೇರಿದ ದಿನ ನೇಯ್ಗೆಯು ಬಡಗಿಯ ಕೈಯಿಂದ ಲೋಹಗಾರನ ಕೈಗೂ ಹೋಯಿತು. ಆದ್ದರಿಂದ ಈ ನಾಲ್ಕು ತಾಲ್ಲೂಕುಗಳನ್ನು ಒಟ್ಟಿಗೆ ನೆನೆಯುವುದು ಉಚಿತ.

ಕುಣಿಮಗ್ಗದಲ್ಲಿ ಕೂತ ನೇಕಾರನಿಗೆ ಅಂಚಿನ ಬಾಲ ಒಂದು ಸಮಸ್ಯೆಯೇ ಆಗಿರಲಿಲ್ಲ. ಅವನ ಕಣ್ಣು ಬಟ್ಟೆಯಿಂದ ಒಂದು ಮೊಳದಾಚೆ ಇರುತ್ತದೆ. ಹೊಸ ಕಂಡಿಕೆ ಹಾಕಿದಾಗ ಎಳೆಯ ತುದಿಯನ್ನು ಬೆರಳಿನಿಂದ ಮಡಿಸಿ, ಹಾಸಿನ ಎಳೆಗಳು ಮುಂದಿನ ಸಲ ಬಾಯಿ ತೆರೆದಾಗ ಅದರೊಳಗೆ ಸೇರಿಸಿಬಿಡುತ್ತಾನೆ. ಅಲ್ಲಿಗೆ ಕತ್ತರಿಯ ಕೆಲಸ ಅರ್ಧ ತಪ್ಪಿತು, ಅಂಚೂ ಗಟ್ಟಿಯಾಯಿತು. ಈ ಮಡಿಸುವ ಬೆರಳನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದು ಮತ್ತೆ ಬರಲಿದೆ.

ಇಂಗ್ಲೆಂಡಿನ ಜಾನ್ ಕೇ 1733ರಲ್ಲಿ ಹಾರುವ ಲಾಳಿಯನ್ನು ಕಂಡುಹಿಡಿದ. ಹಗ್ಗವೊಂದನ್ನು ಜಗ್ಗಿದರೆ ಲಾಳಿ ತಾನಾಗಿ ಈ ಕೊನೆಯಿಂದ ಆ ಕೊನೆಗೆ ಓಡುವ ಈ ಏರ್ಪಾಡನ್ನು ದಕ್ಷಿಣ ಭಾರತದಲ್ಲಿ ಹರಡಲು ಶ್ರಮಿಸಿದವರಲ್ಲಿ ಆಲ್‌ಫ್ರೆಡ್ ಚಾಟರ್ಟನ್ ಪ್ರಮುಖ. ಮದರಾಸು ಪ್ರಾಂತದಲ್ಲಿ ಆ ಕೆಲಸ ಮಾಡಿದ ಆತ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥನಾದ. ಹಾರುವ ಲಾಳಿಯಿಂದ ನೇಯ್ಗೆಯ ವೇಗ ಹೆಚ್ಚಿತು. ಆದರೆ ವೇಗ ಹೆಚ್ಚಿದಂತೆ ಕಂಡಿಕೆ ಬೇಗ ಮುಗಿಯುತ್ತದೆ. ಕಂಡಿಕೆ ಬೇಗ ಮುಗಿದಂತೆ ಅಂಚಿನ ಬಾಲಗಳು ಹೆಚ್ಚುತ್ತವೆ. ಮಡಿಸುತ್ತ ಕೂರಲು ಬೆರಳಿಗೆ ಬಿಡುವಿಲ್ಲ. ಮಗ್ಗದ ಮೇಲೆ ಉಳಿಸಿದ ಹೊತ್ತು ಮಗ್ಗದ ಕೆಳಗೆ, ಬಟ್ಟೆಯನ್ನು ಹರಡಿ ತುದಿಗಳನ್ನು ಕತ್ತರಿಸುವ ಕೆಲಸವಾಗಿ ಬಂದು ಬಿತ್ತು.

ವಿದ್ಯುತ್ತು ಬಂದಮೇಲೆ ಇದು ಇನ್ನಷ್ಟು ಬೆಳೆಯಿತು. ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾದದ್ದು ನಮ್ಮ ಜಿಲ್ಲೆಯ ಹೆಮ್ಮೆ. 1912ರಲ್ಲಿ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸ್ಥಾಪಿಸಿದ ರೇಷ್ಮೆ ನೇಯ್ಗೆ ಕಾರ್ಖಾನೆಗೆ ಸ್ವಿಟ್ಜರ್ಲೆಂಡಿನಿಂದ ಮಗ್ಗಗಳು ಬಂದವು. ವಿದ್ಯುತ್ ಮಗ್ಗದ ಮುಂದೆ ನಿಂತವನು ಬಟ್ಟೆ ನೇಯುವುದಿಲ್ಲ, ಮಗ್ಗವನ್ನು ಕಾಯುತ್ತಾನೆ. ಅವನ ಕಣ್ಣು ತಪ್ಪಿದಾಗ ಜೋತುಬಿದ್ದ ಬಾಲವೊಂದು ಮುಂದಿನ ಹೊಕ್ಕಿನೊಡನೆ ಒಳಸೇರಿ, ಒಂದು ಎಳೆಯಿರಬೇಕಾದಲ್ಲಿ ಎರಡು ಎಳೆ ಕೂತು, ಬಟ್ಟೆಯ ಮೇಲೆ ಗೆರೆ ಮೂಡುತ್ತದೆ.

ಈ ದೋಷಕ್ಕೆ ಪರಿಹಾರ ಆ ವೇಳೆಗಾಗಲೇ ಅಮೆರಿಕದಲ್ಲಿ ಹುಟ್ಟಿತ್ತು. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಜೇಮ್ಸ್ ನಾರ್ಥ್ರಪ್ ಎಂಬ ಯಂತ್ರಗಾರ, ಡ್ರೇಪರ್ ಕಂಪನಿಗಾಗಿ ಕಂಡಿಕೆಯನ್ನು ತಾನೇ ಬದಲಾಯಿಸಿಕೊಳ್ಳುವ ಮಗ್ಗವನ್ನು ರೂಪಿಸಿದ. 1894ರ ಹೊತ್ತಿಗೆ ಅದು ಮಾರುಕಟ್ಟೆಗೆ ಬಂತು. ಮನುಷ್ಯ ಮುಟ್ಟದೆ ಕಂಡಿಕೆ ಬದಲಾಗಬೇಕಾದರೆ ತುದಿಯೂ ಮನುಷ್ಯ ಮುಟ್ಟದೆ ಕತ್ತರಿಸಿಹೋಗಬೇಕಷ್ಟೆ. ಹೀಗೆ, ಬಟ್ಟೆಯ ಅಗಲವನ್ನು ಬಿಗಿಹಿಡಿಯುವ ಸಾಧನದ ಪಕ್ಕದಲ್ಲಿ ಪುಟ್ಟ ಕತ್ತರಿಯೊಂದು ಬಂದು ಕೂತಿತು. ನಿಂತ ಅಲಗೊಂದು, ಆಡುವ ಅಲಗೊಂದು, ನಡುವೆ ಸ್ಪ್ರಿಂಗು. ಹೊಕ್ಕನ್ನು ತಟ್ಟಿ ಕೂರಿಸಲು ಹಣಿಗೆಯ ಚೌಕಟ್ಟು ಮುಂದೆ ಬಂದಾಗಲೆಲ್ಲ ಅದರ ಚಲನೆಯಿಂದಲೇ ಕತ್ತರಿ ಬಾಯಿ ಮುಚ್ಚುತ್ತದೆ.

ಹೇಳಲು ಸುಲಭ, ಮಾಡಲು ಕಷ್ಟ. ಕತ್ತರಿ ಅಂಚಿಗೆ ದೂರವಾದರೆ ಬಾಲ ಉಳಿಯುತ್ತದೆ, ಹತ್ತಿರವಾದರೆ ಅಂಚೇ ಕತ್ತರಿಸಿಹೋಗುತ್ತದೆ. ಹತ್ತಿಯ ನೂಲಿನಿಂದ ಉದುರುವ ಧೂಳು ಅಲಗುಗಳ ನಡುವೆ ಸೇರುತ್ತದೆ. ರೇಷ್ಮೆಯ ಎಳೆ ನುಣುಪಾದ್ದರಿಂದ ಕತ್ತರಿಸಿಕೊಳ್ಳದೆ ಬಾಗಿ ಜಾರುತ್ತದೆ. ಜರಿಯಲ್ಲಿ ಲೋಹವಿರುವುದರಿಂದ ಅಲಗು ಬೇಗ ಮೊಂಡಾಗುತ್ತದೆ. ಎಳೆಯನ್ನು ಮೊದಲು ಬಿಗಿಹಿಡಿದು ಆಮೇಲೆ ಕತ್ತರಿಸುವುದು, ಅಲಗನ್ನು ಬಿಚ್ಚಿ ಬೇರೆ ಹಾಕುವಂತೆ ಮಾಡುವುದು, ದೂರವನ್ನು ತಿರುಪಿನಿಂದ ಹೊಂದಿಸುವುದು, ಈ ಸಾಧನದ ಸುಧಾರಣೆಯೆಲ್ಲ ಇಂಥ ಸಣ್ಣ ಸಣ್ಣ ಹೆಜ್ಜೆಗಳದು.

ಫಲವೇನಾಯಿತು? 8 ಮಗ್ಗಗಳನ್ನು ನೋಡಿಕೊಳ್ಳುತ್ತಿದ್ದ ಕಾರ್ಮಿಕ 16 ಮಗ್ಗಗಳನ್ನೂ ಅದಕ್ಕೂ ಹೆಚ್ಚನ್ನೂ ನೋಡಿಕೊಳ್ಳುವಂತಾಯಿತು. ಗಜವೊಂದಕ್ಕೆ ತಗಲುವ ಕೂಲಿ ಇಳಿಯಿತು. ಮಾಲೀಕನಿಗೆ ಉಳಿತಾಯ ಎದ್ದುಕಾಣುವಂತಿತ್ತು, ಆದ್ದರಿಂದಲೇ ಅವನು ಸಾಧನಕ್ಕೆ ಹಣ ಹೂಡಿದ.

ಇಲ್ಲಿ ನಮ್ಮ ಪ್ರಶ್ನೆ ಏಳುತ್ತದೆ. ನಮ್ಮ ದೇಶದ ಸಣ್ಣ ವಿದ್ಯುತ್ ಮಗ್ಗಗಳಲ್ಲಿ ಬಹುಪಾಲು ಇಂಥ ಸ್ವಯಂಚಾಲಿತ ಏರ್ಪಾಡಿಲ್ಲದ ಸಾದಾ ಮಗ್ಗಗಳಾಗಿಯೇ ಉಳಿದುವೇಕೆ? ಬಡತನ ಒಂದು ಉತ್ತರ, ನಿಜ. ಆದರೆ ಅದೇ ಪೂರ್ತಿ ಉತ್ತರವಲ್ಲ. ಮನೆಮಗ್ಗದಲ್ಲಿ ತುದಿ ಕತ್ತರಿಸುವವರು ಯಾರು? ನೇಕಾರನ ಹೆಂಡತಿ, ತಾಯಿ, ಶಾಲೆಯಿಂದ ಬಂದ ಮಗಳು. ಅಡಿಗೆ ಮುಗಿಸಿ, ಸೀರೆಯನ್ನು ತಿರುವಿ ಹರಡಿ, ಬುಟ್ಟಾದ ಹಿಂಬದಿಯ ಎಳೆಗಳನ್ನು ಒಂದೊಂದಾಗಿ ಬಿಡಿಸುವವರು ಅವರು. ಒಂದು ಗಂಟೆ ಹೆಚ್ಚು ದುಡಿದರೂ ಅವರಿಗೆ ಬೇರೆ ಕೂಲಿಯಿಲ್ಲ, ಕಡಿಮೆ ದುಡಿದರೂ ಯಾರಿಗೂ ಉಳಿತಾಯವಿಲ್ಲ. ಬೆಲೆಯಿಲ್ಲದ ದುಡಿಮೆಯನ್ನು ಉಳಿಸುವ ಸಾಧನಕ್ಕೆ ಬೆಲೆ ಕೊಡುವವರು ಯಾರು?

ಹೆಂಗಸರ ಕೆಲಸವೆಲ್ಲ ಎಂದೂ ಲೆಕ್ಕಕ್ಕೆ ಬಂದಿರಲಿಲ್ಲವೆಂದು ತಿಳಿಯಬಾರದು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ನನ ವರದಿ 1807ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಬಡ ಹೆಂಗಸರು ಹತ್ತಿಯನ್ನು ಕೊಂಡು ನೂತು, ನೂಲನ್ನು ವಾರದ ಸಂತೆಯಲ್ಲಿ ನೇಕಾರರಿಗೆ ಮಾರುತ್ತಿದ್ದುದನ್ನು ಅವನು ಬೆಂಗಳೂರಿನ ವಿವರದಲ್ಲಿ ಬರೆದಿದ್ದಾನೆ. ನೂಲಿಗೆ ಸಂತೆಯಿತ್ತು, ಆದ್ದರಿಂದ ಬೆಲೆಯಿತ್ತು, ಆದ್ದರಿಂದ ಬರೆದವನ ಕಣ್ಣಿಗೂ ಬಿತ್ತು. ಕತ್ತರಿಸಿದ ತುದಿಗೆ ಸಂತೆಯಿಲ್ಲ. ಜರಿಯ ಚೂರನ್ನು ಕೂಡಿಟ್ಟರೆ ಅಷ್ಟಿಷ್ಟು ಕಾಸು ಬರಬಹುದು. ಅದನ್ನು ಕತ್ತರಿಸಿದ ಹೊತ್ತಿಗೆ ಏನೂ ಬಾರದು.

ಸಾಧನ ಹುಟ್ಟಿದ ಮಾತ್ರಕ್ಕೆ ಅದು ದುಡಿಯುವವರನ್ನು ತಲಪುವುದಿಲ್ಲವೆಂಬುದಕ್ಕೆ ಇನ್ನೊಂದು ನಿದರ್ಶನವಿದೆ. ಹಳೆಯ ಗಿರಣಿಗಳಲ್ಲಿ ಲಾಳಿಯ ಕಣ್ಣಿಗೆ ತುಟಿಯಿಟ್ಟು ಉಸಿರೆಳೆದು ನೂಲನ್ನು ಹೊರತರುತ್ತಿದ್ದರು. ಒಬ್ಬರ ತುಟಿಯಿಟ್ಟ ಲಾಳಿಗೆ ಇನ್ನೊಬ್ಬರ ತುಟಿ. ನೂಲಿನ ಧೂಳು ನೇರವಾಗಿ ಎದೆಗೆ. ಬಾಯಿಡದೆ ನೂಲು ಪೋಣಿಸುವ ಲಾಳಿ ನಾರ್ಥ್ರಪ್ಪನ ಮಗ್ಗದೊಡನೆಯೇ ಬಂದಿತ್ತು. ಆದರೂ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ಬಾಯಿಂದೆಳೆಯುವ ಲಾಳಿಯನ್ನು ನಿಷೇಧಿಸಲು 1911ರ ಕಾಯಿದೆ ಬೇಕಾಯಿತು. ಇಂಗ್ಲೆಂಡಿನ ಲ್ಯಾಂಕಷೈರಿನಲ್ಲಿ 1952ರವರೆಗೆ ಕಾಯಬೇಕಾಯಿತು. ಜಾಣ್ಮೆಗೂ ಕರುಣೆಗೂ ನಡುವೆ ಇಷ್ಟು ವರ್ಷಗಳ ಅಂತರ!

ಎರಡನೆಯ ಮಹಾಯುದ್ಧದ ನಂತರ ಕತ್ತರಿಯ ಚರಿತ್ರೆ ಹೊಸ ತಿರುವು ಪಡೆಯಿತು. ಸ್ವಿಟ್ಜರ್ಲೆಂಡಿನ ಸುಲ್ಜರ್ ಕಂಪನಿ 1950ರ ದಶಕದಲ್ಲಿ ಲಾಳಿಯಿಲ್ಲದ ಮಗ್ಗವನ್ನು ಮಾರುಕಟ್ಟೆಗೆ ತಂದಿತು. ಮಗ್ಗದ ಹೊರಗೆ ನಿಂತ ದೊಡ್ಡ ಉಂಡೆಯಿಂದ ಎಳೆಯನ್ನು ಸೆಳೆದು ಆಚೆಗೆ ಒಯ್ಯುವುದು, ಅಳತೆಗೆ ಕತ್ತರಿಸುವುದು. ಮತ್ತೆ ಸೆಳೆಯುವುದು, ಮತ್ತೆ ಕತ್ತರಿಸುವುದು. ಲಾಳಿಯ ಮಗ್ಗದಲ್ಲಿ ಕಂಡಿಕೆಗೊಮ್ಮೆ ಬಾಯಿಗೆ ಎಳೆ ಸಿಕ್ಕುತ್ತಿದ್ದ ಕತ್ತರಿಗೆ ಇಲ್ಲಿ ಹೊಕ್ಕಿಗೊಮ್ಮೆ, ನಿಮಿಷಕ್ಕೆ ನೂರಾರು ಸಲ ಕೆಲಸ. ಬಟ್ಟೆಯ ಎರಡು ಬದಿಗಳಲ್ಲೂ ಹೊಕ್ಕಿನ ಎಳೆ ಹೋಗಿ ತಿರುಗಿ ಬರುವ ಬದಲು ಕಡಿದು ನಿಲ್ಲುತ್ತದೆ.

ಅಂಗಿಯ ಬಟ್ಟೆಗೆ ಇದರಿಂದ ಬಾಧಕವಿಲ್ಲ, ಅಂಚನ್ನು ದರ್ಜಿ ಹೇಗೂ ಒಳಗೆ ಮಡಿಸುತ್ತಾನೆ. ನಮ್ಮ ಪಂಚೆ ಸೀರೆಗಳ ಮಾತು ಬೇರೆ. ಅವು ಹೊಲಿಗೆ ಕಾಣದ ಬಟ್ಟೆಗಳು. ಮಗ್ಗದಿಂದ ಇಳಿದಂತೆಯೇ ಮೈಮೇಲೆ ಏರುವಂಥವು. ಅವುಗಳಲ್ಲಿ ಅಂಚೇ ಬಟ್ಟೆಯ ಮರ್ಯಾದೆ. ಒಗೆತ, ನಡಿಗೆ, ನೆರಿಗೆ ಎಲ್ಲದರ ಸವೆತವನ್ನೂ ಅದೇ ತಾಳಿಕೊಳ್ಳಬೇಕು. ಇದನ್ನು ಅರಿತ ಸುಲ್ಜರ್ ಯಂತ್ರಗಾರರು ಮಾಡಿದ್ದೇನು? ಕಡಿದ ತುದಿಯನ್ನು ಪುಟ್ಟ ಕೊಕ್ಕೆಯೊಂದರಿಂದ ಮಡಿಸಿ, ಹಾಸಿನ ಎಳೆಗಳು ಮುಂದಿನ ಸಲ ಬಾಯಿ ತೆರೆದಾಗ ಒಳಗೆ ಸೇರಿಸುವ ಏರ್ಪಾಡು ಮಾಡಿದರು. ಕುಣಿಮಗ್ಗದ ನೇಕಾರನ ಬೆರಳು ಮಾಡುತ್ತಿದ್ದುದೂ ಇದನ್ನೇ. ಎರಡು ಶತಮಾನಗಳ ವೇಗದ ಕೊನೆಗೆ ಯಂತ್ರ ಕಲಿತದ್ದು ನಮ್ಮ ಹಳ್ಳಿಯವನಿಗೆ ಎಂದೋ ತಿಳಿದಿದ್ದ ವಿದ್ಯೆಯನ್ನು.

ಇದನ್ನು ಹೇಳಿ ಕೈಮಗ್ಗವೊಂದೇ ಶ್ರೇಷ್ಠವೆಂದು ನಾನು ವಾದಿಸುತ್ತಿಲ್ಲ. ಕೆಲವು ಬಗೆಯ ಸೀರೆ ಪಂಚೆಗಳನ್ನು ಕೈಮಗ್ಗಕ್ಕೆ ಮೀಸಲಿಟ್ಟ 1985ರ ಕಾಯಿದೆಯ ಉದ್ದೇಶ ಒಳ್ಳೆಯದೇ. ಆದರೆ ಅದು ಮಗ್ಗವನ್ನು ಕಾಯುತ್ತದೆಯೇ ಹೊರತು ಮಗ್ಗದ ಕೆಳಗೆ ಕತ್ತರಿ ಹಿಡಿದು ಕೂತವಳನ್ನು ಕಾಯುವುದಿಲ್ಲ. ಕೊಡಿಯಾಲಕ್ಕೊ ಹೊಸಹೊಳಲಿಗೊ ಬೇಕಾದ ಕತ್ತರಿ, ಅಗ್ಗವಾಗಿರಬೇಕು. ಊರಿನ ಕಮ್ಮಾರನೇ ಅಲಗನ್ನು ಮಸೆದುಕೊಡುವಂತಿರಬೇಕು. ರೇಷ್ಮೆ ಜರಿಗಳಿಗೆ ಒಗ್ಗಬೇಕು. ಎಲ್ಲಕ್ಕಿಂತ ಮೇಲಾಗಿ ಅಂಚನ್ನು ಕೆಡಿಸದಿರಬೇಕು. ಅಂಥ ಸಾಧನ ಅಸಾಧ್ಯವೇನಲ್ಲ. ಅದರ ರೂಪ ಚಿತ್ರಪಟದ ಮೇಲೆ ಮೂಡುವ ಮೊದಲು ಒಂದು ಅಂಕಿ ಮಾತ್ರ ನಮ್ಮ ಲೆಕ್ಕದ ಪುಸ್ತಕದಲ್ಲಿ ಮೂಡಬೇಕು: ಒಂದು ಸೀರೆಯ ತುದಿಗಳನ್ನು ತೆಗೆಯಲು ಹಿಡಿಯುವ ಹೊತ್ತು, ಮತ್ತು ಆ ಹೊತ್ತಿಗೆ ಸಲ್ಲಬೇಕಾದ ಕೂಲಿ. ಸಹಕಾರ ಸಂಘಗಳು ಸೀರೆಯ ಬೆಲೆ ಕಟ್ಟುವಾಗ ನೂಲು, ಬಣ್ಣ, ಜರಿ, ನೇಯ್ಗೆ ಎಂದು ಬರೆಯುವ ಸಾಲಿನಲ್ಲಿ ‘ತುದಿ ತೆಗೆದ ಕೂಲಿ’ ಎಂಬ ಇನ್ನೊಂದು ಸಾಲನ್ನು ಸೇರಿಸಲಿ. ಆ ಸಾಲು ಬಂದ ಮರುದಿನದಿಂದ ಮಗ್ಗದ ಮೇಲಿನ ಕತ್ತರಿಯನ್ನು ಸುಧಾರಿಸಲು ಜನ ತಾವಾಗಿಯೇ ಮುಂದೆ ಬರುತ್ತಾರೆ.