ಧ್ರುವ ಇಂಟರಾಕ್ಟಿವ್ ಮತ್ತು ಗೇಮಿನ ರೇಸ್ ಕಾರುಗಳು
ಧ್ರುವ ಇಂಟರಾಕ್ಟಿವ್: ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಗೇಮ್ ಸ್ಟುಡಿಯೊ, ಭಾರತದಲ್ಲಿ ಈ ಕಸುಬಿಗೆ ದಾರಿ ಹಾಕಿದ್ದು. ಮೈಕ್ರೋಸಾಫ್ಟ್‌ನ 'ಫೋರ್ಝಾ' ರೇಸಿಂಗ್ ಗೇಮ್‌ಗಳ ಕಲಾಕೆಲಸದಲ್ಲಿ ಇದರ ಪಾಲಿದೆ. ಆ ಸರಣಿಯ ಕಾರುಗಳು ನಿಜವಾದ ಕಾರುಗಳ ಪಡಿಯಚ್ಚು: ಬಾನೆಟ್ಟಿನ ಉಬ್ಬಿನಿಂದ ಡ್ಯಾಶ್‌ಬೋರ್ಡಿನ ಗುಂಡಿಯವರೆಗೆ ಮೂಲವನ್ನೇ ಹಿಡಿಯಬೇಕು.

ಅನಿಮೇಷನ್ ಚಿತ್ರದ ದಾರಿ ಬೇರೆ. ಪಿಕ್ಸಾರ್‌ನ 'ಕಾರ್ಸ್' (2006) ಚಿತ್ರದ ಲೈಟ್ನಿಂಗ್ ಮೆಕ್ವೀನ್ ಯಾವ ಒಂದೇ ಕಾರಿನ ನಕಲೂ ಅಲ್ಲ. ಅಮೆರಿಕದ ಸ್ಟಾಕ್ ಕಾರಿನ ಒಡಲಿಗೆ ಲೆ ಮಾನ್ಸ್ ಓಟದ ಕಾರುಗಳ ಬಳುಕು ಸೇರಿದೆ. ಅದೇ ಚಿತ್ರದ ಡಾಕ್ ಹಡ್ಸನ್ ಮಾತ್ರ 1951ರ ಹಡ್ಸನ್ ಹಾರ್ನೆಟ್ಟೇ. ಪಡಿಯಚ್ಚು ತೆಗೆಯುವುದು ಕಲ್ಪಿಸುವುದಕ್ಕಿಂತ ಹಗುರವಲ್ಲ. ಕಾರನ್ನು ಬಲ್ಲ ಆಟಗಾರನ ಕಣ್ಣಿಗೆ ಕೂದಲೆಳೆಯ ತಪ್ಪೂ ಬೀಳುತ್ತದೆ.

2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಧ್ರುವವನ್ನು ಕೊಂಡು, ಬೆಂಗಳೂರಿನಲ್ಲೇ ಇರುವ ತನ್ನ ರಾಕ್‌ಸ್ಟಾರ್ ಇಂಡಿಯಾಕ್ಕೆ ಸೇರಿಸಿಕೊಂಡಿತು.