ರಕ್ತದಲ್ಲಿ ಕ್ಯಾನ್ಸರ್ ಹುಡುಕುವ ತಂತ್ರಾಂಶ ಮತ್ತು ನಮ್ಮ ಮೂರು ತಾಲ್ಲೂಕು

ಭಟ್ಕಳ, ಹೊನ್ನಾವರ, ಕುಮಟಾ ಕಡೆ ಯಾರಿಗಾದರೂ ಕ್ಯಾನ್ಸರ್ ಎಂದು ಗೊತ್ತಾದರೆ ಮನೆಯವರ ಮೊದಲ ಚರ್ಚೆ, ಮಣಿಪಾಲವೋ ಮಂಗಳೂರೋ ಹುಬ್ಬಳ್ಳಿಯೋ ಎಂಬುದು. ಅಷ್ಟರಲ್ಲಿ ಕಾಯಿಲೆ ಬಲಿತಿರುವುದೂ ಉಂಟು. ಸ್ವಲ್ಪ ರಕ್ತದಲ್ಲೇ ಕ್ಯಾನ್ಸರಿನ ಸುಳಿವು ಹಿಡಿಯುವ ತಂತ್ರಾಂಶಗಳ ಚರಿತ್ರೆಯನ್ನು ನಾವು ಇಲ್ಲಿ ಬರೆಯುತ್ತಿರುವುದು ಅದಕ್ಕಾಗಿಯೇ.

1948ರಲ್ಲಿ ಫ್ರಾನ್ಸಿನ ಮಾಂಡೆಲ್ ಮತ್ತು ಮೆಟೇ ಎಂಬ ವಿಜ್ಞಾನಿಗಳು, ಜೀವಕೋಶದ ಹೊರಗೆ ರಕ್ತದ ದ್ರವದಲ್ಲೂ ಡಿಎನ್‌ಎಯಂಥ ವಸ್ತು ಇರುವುದನ್ನು ಕಂಡರು. ಕ್ಯಾನ್ಸರ್ ರೋಗಿಗಳಲ್ಲಿ ಹಲವರಿಗೆ ಈ ಚೂರುಗಳು ಹೆಚ್ಚಿರುತ್ತವೆ ಎಂದು ತಿಳಿದದ್ದು 1977ರಲ್ಲಿ. ಆದರೆ ಚೂರು ಯಾವ ಅಂಗದಿಂದ ಬಂತು ಎಂದು ತಿಳಿಯುವುದು ಹೇಗೆ?

ಅದಕ್ಕೆ ಉತ್ತರ ಮಿಥೈಲೇಷನ್. ಡಿಎನ್‌ಎ ಮೇಲೆ ಅಲ್ಲಲ್ಲಿ ಮಿಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತುಗಳಿರುತ್ತವೆ. ಯಕೃತ್ತಿನ ಕೋಶದಲ್ಲಿ ಅವು ಕೂತಿರುವ ರೀತಿ ಒಂದು, ಶ್ವಾಸಕೋಶದಲ್ಲಿ ಇನ್ನೊಂದು. ಕ್ಯಾನ್ಸರ್ ಬಂದಾಗ ಆ ರೀತಿ ಬದಲಾಗುತ್ತದೆ. 1992ರಲ್ಲಿ ಆಸ್ಟ್ರೇಲಿಯಾದ ಮರಿಯಾನ್ ಫ್ರೊಮರ್ ತಂಡ ಬೈಸಲ್ಫೈಟ್ ವಿಧಾನ ತಂದಿತು. ಅದರಲ್ಲಿ ಗುರುತಿಲ್ಲದ ‘ಸಿ’ ಅಕ್ಷರ ‘ಟಿ’ ಆಗಿ ಕಾಣುತ್ತದೆ, ಗುರುತಿದ್ದದ್ದು ‘ಸಿ’ ಆಗಿಯೇ ಉಳಿಯುತ್ತದೆ. ಹೀಗೆ ಅಕ್ಷರ ಬದಲಾದ ಕೋಟ್ಯಂತರ ಚೂರುಗಳನ್ನು ಮೂಲದ ಜೊತೆ ಹೊಂದಿಸುವ ಕೆಲಸ ಕೈಯಿಂದ ಆಗುವಂಥದ್ದಲ್ಲ. 2011ರಲ್ಲಿ ಇಂಗ್ಲೆಂಡಿನ ಬಾಬ್ರಹಾಂ ಸಂಸ್ಥೆ ಇದಕ್ಕಾಗಿ ‘ಬಿಸ್ಮಾರ್ಕ್’ ಎಂಬ ಉಚಿತ ತಂತ್ರಾಂಶ ಕೊಟ್ಟಿತು. 2017ರಲ್ಲಿ ಬಂದ ‘ಕ್ಯಾನ್ಸರ್‌ಲೊಕೇಟರ್’ ಗುರುತುಗಳನ್ನು ನೋಡಿ ಅಂಗವನ್ನು ಊಹಿಸತೊಡಗಿತು.

ಈ ಚರಿತ್ರೆಯಲ್ಲಿ ಬೆಂಗಳೂರೂ ಇದೆ. 2000ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ರಮೇಶ್ ಹರಿಹರನ್, ಸ್ವಾಮಿ ಮನೋಹರ್, ವಿ. ವಿನಯ್ ಸೇರಿ ಸ್ಟ್ರ್ಯಾಂಡ್ ಕಂಪನಿ ಕಟ್ಟಿದರು. ಹಳ್ಳಿಯ ಜನರಿಗೂ ಎಟಕುವ ಸಿಂಪ್ಯೂಟರ್ ರೂಪಿಸಿದ ತಂಡದಲ್ಲೂ ಇವರಿದ್ದರು. ಜೀನ್ ಮಾಹಿತಿ ಓದುವ ತಂತ್ರಾಂಶದಿಂದ ಬೆಳೆದ ಕಂಪನಿ 2021ರಲ್ಲಿ ರಿಲಯನ್ಸ್ ಪಾಲಾಯಿತು. 2024ರ ಡಿಸೆಂಬರಿನಲ್ಲಿ ಮಿಥೈಲೇಷನ್ ಆಧಾರಿತ ರಕ್ತ ಪರೀಕ್ಷೆ ‘ಕ್ಯಾನ್ಸರ್‌ಸ್ಪಾಟ್’ ಅನ್ನು ಹೊರತಂದಿತು.

ಹಾಗಾದರೆ ನಮ್ಮ ಕರಾವಳಿಯ ಚಿಂತೆ ಮುಗಿಯಿತೇ? ಇಲ್ಲ. ಅಮೆರಿಕದ ಇಂಥದ್ದೇ ಪರೀಕ್ಷೆ ‘ಗ್ಯಾಲೆರಿ’ ಕುರಿತ 2021ರ ಅಧ್ಯಯನದಲ್ಲಿ, ಮೊದಲ ಹಂತದ ಕ್ಯಾನ್ಸರ್ ಇದ್ದ 100 ಜನರಲ್ಲಿ ಸುಮಾರು 17 ಮಂದಿಯದಷ್ಟೇ ಪತ್ತೆಯಾಯಿತು. ಸುಳಿವು ಸಿಕ್ಕರೂ ಸ್ಕ್ಯಾನ್, ಬಯಾಪ್ಸಿ ಆಗಲೇಬೇಕು. ಅದಕ್ಕೆ ಮತ್ತೆ ಅದೇ ಹೆದ್ದಾರಿ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ನಲ್ಲಿ ಮಗುಚಿದ ಮೇಲೆ, ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಜೋರಾದದ್ದು ಓದುಗರಿಗೆ ನೆನಪಿರಬಹುದು.

ಇನ್ನೊಂದು ಮಾತು. ಕವಳ ಹಾಕುವ ನಮ್ಮ ಊರುಗಳಲ್ಲಿ ಬಾಯಿ ಕ್ಯಾನ್ಸರಿನ ಮೊದಲ ಗುರುತನ್ನು ಟಾರ್ಚ್ ಹಿಡಿದು ನೋಡಬಹುದು. ತಂಬಾಕು, ಮದ್ಯದ ಅಭ್ಯಾಸ ಇದ್ದವರಲ್ಲಿ ಹೀಗೆ ಬಾಯಿ ನೋಡುವುದರಿಂದ ಸಾವು ಕಡಿಮೆಯಾಗುತ್ತದೆ ಎಂದು ತಿರುವನಂತಪುರದ ಅಧ್ಯಯನ 2005ರಲ್ಲೇ ತೋರಿಸಿದೆ. ಹೊಸ ತಂತ್ರಾಂಶ ಬರಲಿ, ಸ್ವಾಗತ. ಅದು ಅಗ್ಗವಾಗುವ ತನಕ ತಾಲ್ಲೂಕು ಆಸ್ಪತ್ರೆಯಲ್ಲಿ ಬಾಯಿ ನೋಡುವವರು, ಬಯಾಪ್ಸಿ ಮಾಡುವವರು ಇರಲಿ ಎಂದು ನಾವು ಕೇಳುತ್ತಲೇ ಇರಬೇಕು.